ನಾಝಲ್ ಇಲ್ಲದೆ ಹನಿ ಬೀಳಿಸುವ ಬೆಳಕು

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಮನೆಗಳಲ್ಲಿ ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸದೆ ಬಳಸುವುದಿಲ್ಲ. ಸೋಸದಿದ್ದರೆ ಸುಣ್ಣದ ಕಣಗಳು ನಾಝಲಿನ ಕಿರುರಂಧ್ರದಲ್ಲಿ ಕಟ್ಟಿಕೊಂಡು ಕೆಲಸವೇ ನಿಲ್ಲುತ್ತದೆ. ಜೀವಕೋಶಗಳನ್ನು ಹನಿಹನಿಯಾಗಿ ಜೋಡಿಸಿ ಚರ್ಮದಂತಹ ಅಂಗಾಂಶಗಳನ್ನು ರಚಿಸಲು ಹೊರಟ ವಿಜ್ಞಾನಿಗಳಿಗೂ ಇದೇ ತೊಡಕು ಎದುರಾಯಿತು.

ಮುದ್ರಣಯಂತ್ರವು ಕಾಗದದ ಮೇಲೆ ಶಾಯಿಯನ್ನು ಚಿಮ್ಮಿಸುವಂತೆ, ಜೀವಕೋಶಗಳು ಬೆರೆತ ದ್ರವವನ್ನು ನಿಗದಿತ ಸ್ಥಾನಗಳಲ್ಲಿ ಇರಿಸುವುದೇ ಜೈವಿಕ ಮುದ್ರಣ. ಅಂಗಾಂಶ ರೂಪುಗೊಳ್ಳಲು ಕೋಶಗಳು ಒತ್ತೊತ್ತಾಗಿರಬೇಕು. ಆದರೆ ದ್ರವ ದಟ್ಟವಾದಷ್ಟೂ ನಾಝಲ್ ಕಟ್ಟಿಕೊಳ್ಳುತ್ತದೆ. ಇಕ್ಕಟ್ಟಾದ ರಂಧ್ರದಲ್ಲಿ ನುಸುಳುವಾಗ ಕೋಶಗಳಿಗೆ ಪೆಟ್ಟಾಗುವುದೂ ಉಂಟು.

ಲೇಸರ್ ವಿಧಾನದಲ್ಲಿ ನಾಝಲೇ ಇಲ್ಲ. ಒಂದು ಗಾಜಿನ ಫಲಕದ ಕೆಳಮೈಗೆ ಚಿನ್ನದಂತಹ ಲೋಹದ ಅತಿ ತೆಳುವಾದ ಲೇಪ. ಅದರ ಕೆಳಗೆ ಕೋಶಗಳಿರುವ ದ್ರವದ ಪದರ. ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಅಂಶಗಳಷ್ಟು ಕಾಲ ಬಾಳುವ ಲೇಸರ್ ಮಿಡಿತವೊಂದು ಮೇಲಿನಿಂದ ಗಾಜನ್ನು ದಾಟಿ ಲೋಹವನ್ನು ತಾಗುತ್ತದೆ. ಆ ಬಿಂದುವಿನಲ್ಲಿ ಹುಟ್ಟಿದ ಆವಿಯ ಗುಳ್ಳೆಯು ಹಿಗ್ಗಿ ದ್ರವವನ್ನು ಕೆಳಕ್ಕೆ ತಳ್ಳುತ್ತದೆ. ಕೆಳಗಿಟ್ಟ ಫಲಕದ ಮೇಲೆ ಒಂದು ಹನಿ ಬೀಳುತ್ತದೆ. ಬೆಳಕಿನ ಬಹುಪಾಲನ್ನು ಲೋಹವೇ ಹೀರುವುದರಿಂದ ಹೆಚ್ಚಿನ ಕೋಶಗಳು ಬದುಕುಳಿಯುತ್ತವೆ. ಹನಿಯ ಗಾತ್ರವನ್ನು ಅಳೆಯುವುದು ಪಿಕೋಲೀಟರಿನಲ್ಲಿ. ಒಂದು ಪಿಕೋಲೀಟರ್ ಎಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಒಂದಂಶ.

ನಮ್ಮ ತೋಟದ ಔಷಧಿಗೆ ಹೆಸರು ಕೊಟ್ಟ ಫ್ರಾನ್ಸಿನ ಬೋರ್ಡೋ ಪ್ರದೇಶವೇ ಈ ವಿದ್ಯೆಯ ಒಂದು ಪ್ರಮುಖ ನೆಲೆಯೂ ಆಗಿರುವುದು ಸ್ವಾರಸ್ಯಕರ. ಲೇಸರ್ ಜೈವಿಕ ಮುದ್ರಣದ ಪೊಯೆಟಿಸ್ ಸಂಸ್ಥೆ 2014ರಲ್ಲಿ ಅಲ್ಲಿ ಆರಂಭವಾಯಿತು. ಜರ್ಮನಿಯ ಹ್ಯಾನೋವರಿನ ಸಂಶೋಧಕರು ಲೇಸರಿನಿಂದ ಮುದ್ರಿಸಿದ ಚರ್ಮದ ಪದರಗಳನ್ನು ಇಲಿಗಳ ಗಾಯಕ್ಕೆ ಕಸಿ ಮಾಡಿ, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. 11 ದಿನಗಳ ಬಳಿಕ ಆ ಚರ್ಮ ಸುತ್ತಲಿನ ಅಂಗಾಂಶದೊಂದಿಗೆ ಬೆಸೆದುಕೊಂಡಿತ್ತು. ಗಾಯದ ಕಡೆಯಿಂದ ರಕ್ತನಾಳಗಳು ಅದರತ್ತ ಬೆಳೆಯತೊಡಗಿದ್ದವು. ಸುಟ್ಟಗಾಯದಿಂದ ನರಳುವವರಿಗೆ ಅವರದೇ ಕೋಶಗಳಿಂದ ಚರ್ಮ ಒದಗಿಸಬೇಕೆಂಬ ಆಸೆಗೆ ಇಂತಹ ಪ್ರಯೋಗಗಳೇ ಆಧಾರ.

ಲೇಸರಿನದಲ್ಲದಿದ್ದರೂ, ಜೈವಿಕ ಮುದ್ರಣದ ಪ್ರಯತ್ನಗಳು ನಮ್ಮ ನೆರೆಯಲ್ಲಿಯೂ ನಡೆದಿವೆ. ಬೆಂಗಳೂರಿನ ಪಂಡೋರಂ ಟೆಕ್ನಾಲಜೀಸ್ ಸಂಸ್ಥೆಯು ಮುದ್ರಿತ ಯಕೃತ್ತಿನ ಅಂಗಾಂಶವನ್ನು 2015ರಲ್ಲಿ ಪ್ರಕಟಿಸಿತು. ರೋಗಿಗೆ ಜೋಡಿಸುವುದಕ್ಕಿಂತ ಮೊದಲು, ಹೊಸ ಔಷಧಿಗಳು ಯಕೃತ್ತಿಗೆ ಹಾನಿ ಮಾಡುವುವೇ ಎಂದು ಪರೀಕ್ಷಿಸಲು ಇಂತಹ ಅಂಗಾಂಶ ಉಪಯುಕ್ತ.

ತೆಳುವಾದ ಚರ್ಮಕ್ಕೂ ಇಡೀ ಅಂಗಕ್ಕೂ ನಡುವೆ ದೊಡ್ಡ ಅಂತರವಿದೆ. ದಪ್ಪನಾದ ಅಂಗದ ಒಳಗಿನ ಪ್ರತಿಯೊಂದು ಕೋಶಕ್ಕೂ ರಕ್ತ ತಲುಪಬೇಕು. ಆ ಸೂಕ್ಷ್ಮ ನಾಳಗಳ ಜಾಲವನ್ನು ಮುದ್ರಿಸುವುದೇ ಇನ್ನೂ ಬಗೆಹರಿಯದ ಸಮಸ್ಯೆ. “ಹೃದಯವನ್ನೇ ಮುದ್ರಿಸಿದರು” ಎಂಬ ಸುದ್ದಿ ಕಣ್ಣಿಗೆ ಬಿದ್ದಾಗ ನಮ್ಮ ಮಕ್ಕಳು ಕೇಳಬೇಕಾದ ಮೊದಲ ಪ್ರಶ್ನೆ ಇದು: ಅದರ ಒಳಗಿನ ಕೋಶಗಳಿಗೆ ರಕ್ತ ತಲುಪುವುದು ಹೇಗೆ?