ನಟ್ಟು ಏಕೆ ಸಡಿಲವಾಗುತ್ತದೆ?

ಮಂಡ್ಯದ ಸೀಮೆ ಕಬ್ಬಿಗೆ ಹೆಸರಾದುದು. 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯ ಕಾರ್ಖಾನೆ ಮಂಡ್ಯದಲ್ಲಿದೆ. ಮದ್ದೂರು, ಮಳವಳ್ಳಿಗಳ ಕಡೆ ಆಲೆಮನೆಗಳ ಗಾಣಗಳು ಕಬ್ಬನ್ನು ಅರೆಯುತ್ತವೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ಜಲವಿದ್ಯುತ್ತಿನ ಉತ್ಪಾದನೆ ಆರಂಭವಾಯಿತು. ಈ ದೊಡ್ಡ ಸಣ್ಣ ಯಂತ್ರಗಳಿಗೆಲ್ಲ ಆಧಾರವಾಗಿರುವ ಒಂದು ಅಲ್ಪವಸ್ತುವಿದೆ. ಅದೇ ಬೋಲ್ಟು ಮತ್ತು ನಟ್ಟು. ಗಾಣದ ಹಲ್ಲುಚಕ್ರಗಳನ್ನು ಮುಚ್ಚಿರುವ ತಗಡಿನ ನಟ್ಟುಗಳು ಅದುರಿ ಅದುರಿ ಸಡಿಲಗೊಂಡು ತಗಡು ಕಳಚಿತೆಂದರೆ, ಕಬ್ಬನ್ನು ಒಡ್ಡುವವನ ಕೈಗೇ ಅಪಾಯ. ಆದುದರಿಂದ ನಟ್ಟು ಏಕೆ ಸಡಿಲವಾಗುತ್ತದೆ, ಅದನ್ನು ತಡೆಯುವ ಬಗೆ ಹೇಗೆ ಎಂಬುದನ್ನು ವಿಚಾರಿಸೋಣ.

ತ್ರಿಕೋನಾಕಾರದ ಕಾಗದವೊಂದನ್ನು ಪೆನ್ಸಿಲಿಗೆ ಸುತ್ತಿದರೆ ಅದರ ಓರೆಯಾದ ಅಂಚು ಬೋಲ್ಟಿನ ಥ್ರೆಡ್ಡಿನಂತೆಯೇ ತೋರುತ್ತದೆ. ಎಂದರೆ, ಥ್ರೆಡ್ಡು ಸುರುಳಿ ಸುತ್ತಿದ ಇಳಿಜಾರಲ್ಲದೆ ಬೇರೆಯಲ್ಲ. ನಟ್ಟನ್ನು ಬಿಗಿದಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗಿ, ಎಳೆದ ಸ್ಪ್ರಿಂಗಿನಂತಾಗುತ್ತದೆ. ಈ ಎಳೆತವು ನಟ್ಟನ್ನು ಇಳಿಜಾರಿನಲ್ಲಿ ಕೆಳಕ್ಕೆ ಜಾರಿಸಲು ಯತ್ನಿಸುತ್ತದೆ. ಘರ್ಷಣೆ ಅದನ್ನು ತಡೆಯುತ್ತದೆ. 12 ಮಿಲಿಮೀಟರಿನ ಸಾಮಾನ್ಯ ಬೋಲ್ಟಿನಲ್ಲಿ ನಟ್ಟು ಒಂದು ಸುತ್ತಿಗೆ 1.75 ಮಿಲಿಮೀಟರು ಮುಂದೆ ಸಾಗುತ್ತದೆ. ಲೆಕ್ಕ ಹಾಕಿದರೆ ಇಳಿಜಾರಿನ ಕೋನ ಸುಮಾರು 3 ಡಿಗ್ರಿ. ಉಕ್ಕಿನ ಮೇಲೆ ಉಕ್ಕು ತಾನಾಗಿ ಜಾರಬೇಕಾದರೆ ಸಾಮಾನ್ಯವಾಗಿ 8 ಡಿಗ್ರಿಯಷ್ಟಾದರೂ ಇಳಿಜಾರು ಬೇಕು. ಹೀಗಿರುವಾಗ ನಟ್ಟು ಎಂದೆಂದಿಗೂ ಸಡಿಲಬಾರದಷ್ಟೆ? ಆದರೂ ಸಡಿಲುತ್ತದೆ!

ಈ ಒಗಟನ್ನು ಬಿಡಿಸಲು ಒಂದು ಸುಲಭ ಪ್ರಯೋಗ ಸಾಕು. ಹಲಗೆಯೊಂದನ್ನು ಕೊಂಚವೇ ಓರೆ ಮಾಡಿ ಅದರ ಮೇಲೆ ಮರದ ತುಂಡನ್ನಿಡಿ. ಅದು ಜಾರದೆ ನಿಲ್ಲುತ್ತದೆ. ಈಗ ತುಂಡಿಗೆ ದಾರ ಕಟ್ಟಿ, ಇಳಿಜಾರಿನ ದಿಕ್ಕಿಗಲ್ಲ, ಅಡ್ಡಲಾಗಿ ಎಳೆಯಿರಿ. ತುಂಡು ಅಡ್ಡಕ್ಕೆ ಸರಿಯುತ್ತಿರುವಾಗಲೇ ಕೆಳಕ್ಕೂ ಜಾರುವುದನ್ನು ಕಾಣುವಿರಿ. ಘರ್ಷಣೆಯು ಚಲನೆಯ ದಿಕ್ಕಿಗೆ ಎದುರಾಗಿರುತ್ತದೆ. ಅಡ್ಡ ಚಲನೆಯನ್ನು ತಡೆಯುವುದರಲ್ಲಿ ಅದು ತೊಡಗಿದಾಗ ಇಳಿಜಾರನ್ನು ಕಾಯುವವರೇ ಇಲ್ಲದಂತಾಗುತ್ತದೆ. ಯಂತ್ರದ ಅದುರಾಟದಿಂದ ಬಿಗಿದ ಭಾಗಗಳು ಅತ್ತಿತ್ತ ಸರಿದಾಡಿದರೆ ನಟ್ಟಿನ ಗತಿಯೂ ಇದೇ. ಜರ್ಮನಿಯ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರರು ಇದನ್ನು 1969ರಲ್ಲಿ ಪ್ರಯೋಗಪೂರ್ವಕವಾಗಿ ತೋರಿಸಿದರು. ಆದ್ದರಿಂದ ಮೊದಲನೆಯ ರಕ್ಷಣೆ ಸಾಕಷ್ಟು ಬಿಗಿತವೇ. ಭಾಗಗಳು ಅಡ್ಡ ಸರಿಯದಿದ್ದರೆ ನಟ್ಟು ತಿರುಗದು.

ಇನ್ನು ಉಳಿದ ಉಪಾಯಗಳನ್ನು ಪರೀಕ್ಷಿಸೋಣ. ಎಲ್ಲೆಲ್ಲಿಯೂ ಕಾಣುವ ಸ್ಪ್ರಿಂಗ್ ವಾಷರು, ನಟ್ಟನ್ನು ಪೂರ್ತಿ ಬಿಗಿಯುವ ಮುಂಚೆಯೇ ಚಪ್ಪಟೆಯಾಗಿಬಿಡುತ್ತದೆ. ಅಡ್ಡ ಅದುರಾಟದ ಎದುರು ಅದರ ಸಹಾಯ ಅತ್ಯಲ್ಪ. ಒಂದರ ಮೇಲೊಂದು ಎರಡು ನಟ್ಟುಗಳನ್ನು ಹಾಕುವ ಕ್ರಮ ಒಳ್ಳೆಯದು. ಆದರೆ ತೆಳುವಾದ ನಟ್ಟು ಕೆಳಗಿರಬೇಕು, ದಪ್ಪನೆಯದು ಮೇಲಿರಬೇಕು. ಕೆಳಗಿನದನ್ನು ಸ್ಪ್ಯಾನರಿನಿಂದ ಹಿಡಿದುಕೊಂಡು ಮೇಲಿನದನ್ನು ಬಿಗಿಯಬೇಕು. ಎತ್ತಿನ ಗಾಡಿಯ ಚಕ್ರ ಕಳಚದಂತೆ ಅಚ್ಚಿನ ತುದಿಗೆ ಕಡಾಣಿ ಹಾಕುತ್ತಾರಲ್ಲವೆ? ಸ್ಪ್ಲಿಟ್ ಪಿನ್ನು ಅದರ ತಮ್ಮನೇ ಸರಿ. ಅದು ಬಿಗಿತವನ್ನು ಉಳಿಸದಿದ್ದರೂ ನಟ್ಟು ಬಿದ್ದುಹೋಗುವುದನ್ನು ತಪ್ಪಿಸುತ್ತದೆ. ನೈಲಾನಿನ ಬಳೆಯುಳ್ಳ ನಟ್ಟು ಥ್ರೆಡ್ಡನ್ನು ಕಚ್ಚಿ ಹಿಡಿಯುತ್ತದೆ. ಸುಮಾರು 120 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅದು ನೆಚ್ಚಿಕೆಗೆ ಅರ್ಹವಲ್ಲ.

ಕೊನೆಯದು ದ್ರವರೂಪದ ಅಂಟು. ಅಮೆರಿಕದ ರಸಾಯನಶಾಸ್ತ್ರಜ್ಞ ವರ್ನನ್ ಕ್ರೀಬಲ್ ಇದನ್ನು 1953ರಲ್ಲಿ ರೂಪಿಸಿದರು. ಲಾಕ್‌ಟೈಟ್ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಇದರ ಸ್ವಭಾವ ವಿಚಿತ್ರ: ಗಾಳಿಯ ಸಂಪರ್ಕವಿರುವ ತನಕ ದ್ರವವಾಗಿಯೇ ಇದ್ದು, ಥ್ರೆಡ್ಡುಗಳ ನಡುವೆ ಗಾಳಿ ತಪ್ಪಿ ಲೋಹದ ಸ್ಪರ್ಶವಾದೊಡನೆ ಗಟ್ಟಿಯಾಗುತ್ತದೆ. ಎಣ್ಣೆ, ಜಿಡ್ಡುಗಳನ್ನು ಮೊದಲು ಒರೆಸಿ ತೆಗೆಯುವುದು ಅವಶ್ಯ. ಸಾಮಾನ್ಯವಾಗಿ ನೀಲಿ ಬಣ್ಣದ್ದನ್ನು ಸ್ಪ್ಯಾನರಿನಿಂದಲೇ ಬಿಚ್ಚಬಹುದು. ಕೆಂಪು ಬಣ್ಣದ್ದನ್ನು ಬಿಚ್ಚಲು ಕಾಯಿಸಬೇಕಾಗುತ್ತದೆ. ಸಾಧಾರಣ ಜಾತಿಯವು 150 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿಗುಂದುತ್ತವೆ.

ಹಾಗಾದರೆ ಯಾವುದನ್ನು ಆರಿಸಬೇಕು? ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಅದುರಾಟವೆಷ್ಟು? ಶಾಖವೆಷ್ಟು? ಎಷ್ಟು ಸಲ ಬಿಚ್ಚಬೇಕು? ಗಾಣದ ಹೊದಿಕೆಯನ್ನು ಶುಚಿಗಾಗಿ ಮೇಲಿಂದ ಮೇಲೆ ತೆಗೆಯಬೇಕಾದುದರಿಂದ ಜೋಡಿ ನಟ್ಟು ಲೇಸು. ಅಪರೂಪಕ್ಕೆ ಬಿಚ್ಚುವ ಪಂಪ್‌ಸೆಟ್ಟಿನ ಬೋಲ್ಟಿಗೆ ನೀಲಿ ಅಂಟು ತಕ್ಕದ್ದು. ಎಂಜಿನ್ನಿನ ಬಿಸಿ ಹೊಗೆಕೊಳವೆಗೆ ನೈಲಾನೂ ಸಲ್ಲದು, ಸಾಧಾರಣ ಅಂಟೂ ಸಲ್ಲದು. ಬಾಯನ್ನು ಕೊಂಚ ಅದುಮಿ ಮಾಡಿದ ಅಪ್ಪಟ ಲೋಹದ ನಟ್ಟೇ ಬೇಕು. ಸ್ಪರ್ಧೆಗಳಲ್ಲಿ ಬಳಸುವ ರೈಫಲುಗಳ ನಳಿಗೆಯ ತುದಿಗೆ, ಹಿನ್ನೊದೆತವನ್ನು ತಗ್ಗಿಸುವ ಉಪಕರಣವನ್ನು ತಿರುಪಿ ಕೂಡಿಸುವುದುಂಟು. ಅಲ್ಲಿ ಬಿಸಿ ಅನಿಲದ ಹೊಡೆತವೂ ಇದೆ, ಅದುರಾಟವೂ ಇದೆ. ಆದುದರಿಂದಲೇ ಅಲ್ಲಿಗೆ ಹೆಚ್ಚು ಶಾಖ ತಾಳುವ ಸಿರಾಮಿಕ್ ಜಾತಿಯ ಅಂಟನ್ನು ಬಳಸುತ್ತಾರೆ.

ಹೀಗೆ ಎಲ್ಲೆಡೆಗೂ ಒಪ್ಪುವ ಬೀಗವೊಂದಿಲ್ಲ. ನಟ್ಟಿನ ಮತ್ತು ಬೋಲ್ಟಿನ ಮೇಲೆ ಸೇರಿಸಿ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಗೆರೆ ಮುರಿದ ದಿನವೇ ನಟ್ಟು ತಿರುಗಿದೆಯೆಂದು ತಿಳಿಯುತ್ತದೆ. ನಮ್ಮ ವಿದ್ಯಾರ್ಥಿಗಳು ತಮ್ಮೂರಿನ ಆಲೆಮನೆಯಲ್ಲಿ, ಗಾಣ ನಿಂತಿರುವ ಹೊತ್ತಿನಲ್ಲಿ, ಇಂಥ ಗೆರೆಗಳನ್ನೆಳೆದು ವಾರಕ್ಕೊಮ್ಮೆ ನೋಡಲಿ. ಭೌತಶಾಸ್ತ್ರದ ಪಾಠವೂ ಆದೀತು, ಒಬ್ಬರ ಕೈಯೂ ಉಳಿದೀತು.