ಇಮ್ಯಾಕ್ಸ್ ಪಠ್ಯಸಂಪಾದಕದಲ್ಲಿ ಐಚ್ಛಿಕ ವಿಧಾನಗಳ ನಾಮಕರಣ

ಹೆಸರು ಕೇವಲ ಗುರುತಾಗಿದ್ದರೆ ಅದರಲ್ಲಿನ ಕೊರತೆಯನ್ನು ಬಳಕೆಯೇ ತುಂಬಿಕೊಳ್ಳುತ್ತದೆ. ಆದರೆ ಹೆಸರೇ ಆಜ್ಞೆಯಾಗಿ ದುಡಿಯುವ ಕಡೆ ಈ ಸೌಲಭ್ಯವಿಲ್ಲ. ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಹೊರತಂದ ಗ್ನು ಇಮ್ಯಾಕ್ಸ್ ಎಂಬ ಪಠ್ಯಸಂಪಾದಕ ತಂತ್ರಾಂಶವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಇಮ್ಯಾಕ್ಸ್‌ನಲ್ಲಿ ತೆರೆದಿಟ್ಟ ಪ್ರತಿಯೊಂದು ಬರಹಕ್ಕೂ ಒಂದು ಕಾಲಕ್ಕೆ ಒಂದೇ 'ಮೇಜರ್ ಮೋಡ್' ಇರುತ್ತದೆ. ಬರಹವು ಸಾಮಾನ್ಯ ಗದ್ಯವೋ ಪೈಥಾನ್ ಭಾಷೆಯ ಪ್ರೋಗ್ರಾಮೋ ಎಂಬುದನ್ನು ಅನುಸರಿಸಿ ಅದು ನಿರ್ಧಾರವಾಗುತ್ತದೆ. ಅದರ ಮೇಲೆ ಬೇಕೆಂದಾಗ ಸೇರಿಸಿ ಬೇಡವೆಂದಾಗ ತೆಗೆಯಬಹುದಾದ ಐಚ್ಛಿಕ ವಿಧಾನಗಳೇ 'ಮೈನರ್ ಮೋಡ್'ಗಳು. ಇವು ಏಕಕಾಲಕ್ಕೆ ಎಷ್ಟಾದರೂ ಇರಬಹುದು. ಕಾಗುಣಿತ ಪರೀಕ್ಷಿಸುವ ಫ್ಲೈಸ್ಪೆಲ್-ಮೋಡ್ ಇಂಥದೊಂದು.

ಇವುಗಳ ಹೆಸರು 'ಮೋಡ್' ಎಂದು ಕೊನೆಗೊಳ್ಳಬೇಕೆಂಬುದು ನಿಯಮ. ವಿಧಾನವನ್ನು ಚಾಲನೆಗೊಳಿಸುವ ಆಜ್ಞೆಗೂ, ಅದು ಚಾಲನೆಯಲ್ಲಿದೆಯೇ ಎಂದು ತಿಳಿಸುವ ಚರಾಂಶಕ್ಕೂ ಇದೊಂದೇ ಹೆಸರು. ಇದಕ್ಕೆ 'ಹುಕ್' ಸೇರಿದರೆ ವಿಧಾನ ಬದಲಾದಾಗ ನಡೆಯಬೇಕಾದ ಕ್ರಿಯೆಗಳ ಪಟ್ಟಿ, 'ಮ್ಯಾಪ್' ಸೇರಿದರೆ ಕೀಲಿಗಳ ಪಟ್ಟಿ. ಪ್ರಕೃತಿಗೆ ಪ್ರತ್ಯಯಗಳು ಹತ್ತಿ ಪದಗಳು ಸಿದ್ಧಿಸುವ ಕ್ರಮವನ್ನು ಇದು ನೆನಪಿಸುತ್ತದೆ.

ತೊಡಕಿರುವುದು 'ಮೋಡ್' ಎಂಬ ಅಂತ್ಯದಲ್ಲಿಯೇ. ಮೇಜರ್ ಮೋಡ್‌ಗಳೂ ಹೀಗೆಯೇ ಕೊನೆಗೊಳ್ಳುವುದರಿಂದ ಹೆಸರು ನೋಡಿ ವರ್ಗವನ್ನು ತಿಳಿಯುವಂತಿಲ್ಲ. ಒಂದೇ ಸೌಲಭ್ಯವು ಎರಡೂ ರೂಪಗಳಲ್ಲಿ ಬೇಕಾದಾಗ ಈ ಕೊರತೆ ಎದ್ದು ಕಾಣುತ್ತದೆ. ಶೀರ್ಷಿಕೆಗಳ ಆಧಾರದಿಂದ ಬರಹವನ್ನು ಮಡಿಸಿ ತೋರಿಸುವ ಔಟ್‌ಲೈನ್-ಮೋಡ್ ಎಂಬುದು ಮೇಜರ್. ಅದರ ಐಚ್ಛಿಕ ರೂಪವನ್ನು ಔಟ್‌ಲೈನ್-ಮೈನರ್-ಮೋಡ್ ಎಂದು ಕರೆಯಬೇಕಾಯಿತು. ಎಲ್ಲ ಐಚ್ಛಿಕ ವಿಧಾನಗಳಿಗೂ ಮೊದಲಿನಿಂದಲೇ 'ಮೈನರ್' ಸೇರಿಸಿದ್ದರೆ ಹೆಸರು ಉದ್ದವಾಗುತ್ತಿತ್ತು, ಸಂದೇಹ ಉಳಿಯುತ್ತಿರಲಿಲ್ಲ.

ವ್ಯಾಪ್ತಿಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಬರಹಕ್ಕೆ ಸೀಮಿತವಾದ ವಿಧಾನವನ್ನು ಎಲ್ಲ ಬರಹಗಳಿಗೂ ವಿಸ್ತರಿಸಿದಾಗ ಹೆಸರಿನ ಆದಿಯಲ್ಲಿ 'ಗ್ಲೋಬಲ್' ಸೇರಿಸುವ ರೂಢಿಯಿದೆ. ಸಾಲುಗಳಿಗೆ ಸಂಖ್ಯೆ ತೋರಿಸುವ ವಿಧಾನದಲ್ಲಿ ಇದನ್ನು ಕಾಣಬಹುದು. ಆದರೆ ಆವರಣಚಿಹ್ನೆಗಳ ಜೋಡಿಯನ್ನು ತಾನೇ ಪೂರ್ಣಗೊಳಿಸುವ ಇಲೆಕ್ಟ್ರಿಕ್-ಪೇರ್-ಮೋಡ್‌ಗೆ ಆ ಪೂರ್ವಪದವಿಲ್ಲದಿದ್ದರೂ ಅದು ಎಲ್ಲ ಬರಹಗಳಿಗೂ ಅನ್ವಯಿಸುತ್ತದೆ. ಒಂದೇ ಕಡತಕ್ಕೆಂದು ಅದನ್ನು ಚಾಲನೆಗೊಳಿಸಿದವರಿಗೆ ಉಳಿದ ಕಡತಗಳ ವರ್ತನೆಯೂ ಬದಲಾದದ್ದು ಆಮೇಲೆ ತಿಳಿಯುತ್ತದೆ. ಒಂದು ಬರಹಕ್ಕಷ್ಟೇ ಬೇಕಾದವರಿಗೆ 'ಲೋಕಲ್' ಎಂಬ ಪದ ಸೇರಿದ ಬೇರೆ ಆಜ್ಞೆಯಿದೆ. ಹೀಗೆ ಒಂದು ಕಡೆ ವಿಸ್ತಾರಕ್ಕೆ, ಇನ್ನೊಂದು ಕಡೆ ಸಂಕೋಚಕ್ಕೆ ಗುರುತು ಬಿದ್ದಿದೆ.

ಹಳೆಯ ಅಪವಾದಗಳೂ ಉಂಟು. ಸಾಲು ಉದ್ದವಾದಾಗ ತಾನಾಗಿಯೇ ಮುರಿಯುವ ಆಟೋ-ಫಿಲ್-ಮೋಡ್‌ನ ಚರಾಂಶದ ಹೆಸರು ಆಟೋ-ಫಿಲ್-ಫಂಕ್ಷನ್. ನಿಯಮವನ್ನು ನಂಬಿ ಆಜ್ಞೆಯ ಹೆಸರಿನಿಂದಲೇ ಸ್ಥಿತಿಯನ್ನು ವಿಚಾರಿಸಿದವರಿಗೆ ಉತ್ತರ ದೊರೆಯದು.

ಇಂಥ ಹೆಸರುಗಳನ್ನು ತಿದ್ದುವುದು ಸುಲಭವಲ್ಲ. ಬಳಕೆದಾರರು ತಮ್ಮ ಆರಂಭಕಡತದಲ್ಲಿ ಇವನ್ನು ಬರೆದಿಟ್ಟಿರುತ್ತಾರೆ. ಹೆಸರು ಬದಲಾದರೆ ಅವರ ವ್ಯವಸ್ಥೆಯೇ ಕೆಡುತ್ತದೆ. ಆದ್ದರಿಂದ ಹೆಸರು ಬದಲಿಸಿದಾಗಲೂ ಹಳೆಯದನ್ನು ಬಳಕೆ ತಪ್ಪಿದ ಪರ್ಯಾಯವೆಂದು ಗುರುತಿಸಿ ಕೆಲಕಾಲ ಉಳಿಸಿಕೊಳ್ಳಲಾಗುತ್ತದೆ. ಕನ್ನಡ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಅನ್ವರ್ಥನಾಮಗಳಾಗಿ ಹುಟ್ಟಿದ ಇವುಗಳಲ್ಲಿ ಹಲವು ಈಗ ರೂಢನಾಮಗಳಂತೆ ವರ್ತಿಸುತ್ತಿವೆ.