ಎಂದೂ ಇದ್ದಿರದ ಯಂತ್ರಕ್ಕೆ ಆಟ ಕಟ್ಟುವುದು

ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಹುಡುಗನೊಬ್ಬನ ತಾಯಿ ಈಚೆಗೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ಕಂಪ್ಯೂಟರ್ ಆಟಗಳನ್ನು ಆಡುವುದರಲ್ಲಿದ್ದ ಮಗನ ಆಸಕ್ತಿ ಈಗ ಅವುಗಳನ್ನು ತಾನೇ ರಚಿಸಬೇಕೆಂಬ ಹಂಬಲವಾಗಿ ಬೆಳೆದಿದೆಯಂತೆ. ಅದಕ್ಕೆಂದು ದೊಡ್ಡ ದೊಡ್ಡ ಸಂಸ್ಥೆಗಳು ಬಳಸುವ ಗೇಮ್ ಇಂಜಿನ್ ಒಂದನ್ನು ಮನೆಯ ಹಳೆಯ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಅದು ತೆರೆದುಕೊಳ್ಳುವುದನ್ನೇ ಕಾಯುತ್ತ ಕುಳಿತು, ತೆರೆದುಕೊಂಡ ಮೇಲೆ ನೂರಾರು ಗುಂಡಿಗಳ ನಡುವೆ ದಾರಿಗಾಣದೆ ತೊಳಲಿ, ಮೂರು ವಾರಗಳಲ್ಲಿ ಅವನ ಉತ್ಸಾಹವೆಲ್ಲ ಇಂಗಿಹೋಯಿತಂತೆ. ಇದಕ್ಕಿಂತ ಸುಲಭವಾದ ಮಾರ್ಗವಿಲ್ಲವೆ, ಎಂದು ಆಕೆ ಕೇಳುತ್ತಾರೆ. ಇದೆ, ಆದರೆ ಅದನ್ನು ಸುಲಭವಾದ ಮಾರ್ಗವೆನ್ನುವುದಕ್ಕಿಂತ ಚಿಕ್ಕ ಮಾರ್ಗವೆಂದು ಕರೆಯುವುದು ಹೆಚ್ಚು ಸಮಂಜಸ. ಹೊರಟ ಹುಡುಗ ಅದರ ಕೊನೆಯನ್ನು ಕಾಣಬಲ್ಲ ಎಂಬುದೇ ಅದರ ಮುಖ್ಯ ಗುಣ.

ಆ ಮಾರ್ಗಕ್ಕೆ ಫ್ಯಾಂಟಸಿ ಕನ್ಸೋಲ್ ಎಂದು ಹೆಸರು. ಟೀವಿಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆಯನ್ನು ಕನ್ಸೋಲ್ ಎನ್ನುವುದು ಎಲ್ಲರಿಗೂ ತಿಳಿದದ್ದೇ. ಫ್ಯಾಂಟಸಿ ಕನ್ಸೋಲೆಂಬುದು ಯಾವ ಕಾರ್ಖಾನೆಯಲ್ಲಿಯೂ ತಯಾರಾಗದ, ಯಾವ ಅಂಗಡಿಯಲ್ಲಿಯೂ ಮಾರಾಟಕ್ಕಿಡದ, ಕೇವಲ ತಂತ್ರಾಂಶದ ರೂಪದಲ್ಲಿ ಅಸ್ತಿತ್ವವನ್ನು ಪಡೆದಿರುವ ಕಲ್ಪಿತ ಯಂತ್ರ. ಹಳೆಯ ಯಂತ್ರಗಳನ್ನು ಹೊಸ ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರುಗಳಿಗೆ ಲೋಕದಲ್ಲಿ ಎಲ್ಲಿಯೋ ಒಂದು ಮೂಲವಿರುತ್ತದೆ. ಇದಕ್ಕೆ ಮೂಲವೆಂಬುದೇ ಇಲ್ಲ. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದ ಪಿಕೋ-8 ಎಂಬುದನ್ನು ಲೆಕ್ಸಲಾಫಲ್ ಎಂಬ ಪುಟ್ಟ ಸಂಸ್ಥೆಯ ಜೋಸೆಫ್ ವೈಟ್ 2015ರ ಸುಮಾರಿಗೆ ಹೊರತಂದರು. ಅದರ ಪರದೆಯ ಅಗಲ 128 ಚುಕ್ಕಿ, ಎತ್ತರವೂ 128 ಚುಕ್ಕಿ. ಬಣ್ಣಗಳು 16. ಏಕಕಾಲಕ್ಕೆ ನುಡಿಯಬಲ್ಲ ಸ್ವರಗಳು 4. ಆಡುವವನ ಬೆರಳಿಗೆ ಸಿಕ್ಕುವ ಗುಂಡಿಗಳು, ದಿಕ್ಕುಗಳ ನಾಲ್ಕೂ ಸೇರಿ, 6. ಚಿತ್ರ, ಭೂಪಟ, ಸಂಗೀತ, ಕೋಡ್ ಎಲ್ಲವೂ ಕೂಡಿ ಆಟವೊಂದು 32 ಕಿಲೋಬೈಟಿನ ಕಾರ್ಟ್ರಿಜ್‌ನಲ್ಲಿ ಅಡಗಬೇಕು. ಇಂದು ಫೋನಿನಲ್ಲಿ ತೆಗೆದ ಒಂದು ಸಾಧಾರಣ ಫೋಟೋ ಇದರ ಎಷ್ಟೋ ಪಾಲು ಹೆಚ್ಚು ಸ್ಥಳವನ್ನು ಬೇಡುತ್ತದೆ. ಹೆಸರು, ಸಂಖ್ಯೆ, ಕೂಡು-ಕಳೆಯ ಚಿಹ್ನೆ ಮೊದಲಾದವನ್ನು ಒಂದೊಂದು ಟೋಕನ್ನೆಂದು ಎಣಿಸಿ, ಅವು 8192ನ್ನು ಮೀರಿದೊಡನೆ ಯಂತ್ರ ಆ ಆಟವನ್ನು ನಡೆಸಲೊಲ್ಲೆನೆನ್ನುತ್ತದೆ.

ಇಲ್ಲದ ಯಂತ್ರಕ್ಕೆ ಇಷ್ಟೊಂದು ಬೇಲಿಯೇಕೆ ಎಂಬ ಪ್ರಶ್ನೆ ಸಹಜವಾದುದು. ರೆಟ್ರೋ ಎಂಬ ಮಾತು ಈಚೆಗೆ ಅಂಗಿಯಿಂದ ಹಿಡಿದು ರೇಡಿಯೋದವರೆಗೆ ಎಲ್ಲಕ್ಕೂ ಅಂಟಿಕೊಂಡಿದ್ದು, ಹಳತರ ಮೇಲಿನ ವ್ಯಾಮೋಹವನ್ನು ಮಾರುವ ವ್ಯಾಪಾರವಾಗಿದೆ. ಫ್ಯಾಂಟಸಿ ಕನ್ಸೋಲುಗಳನ್ನೂ ಆ ಸಾಲಿಗೆ ಸೇರಿಸಿ ಹೊಗಳುವವರ ಮಾತನ್ನು ನಾನು ಒಪ್ಪಲಾರೆ. ಇಂದಿನ ಹದಿನಾಲ್ಕರ ಹುಡುಗನಿಗೆ 1985ರ ನೆನಪೆಲ್ಲಿಯದು? ಅಲ್ಲದೆ, ಇದು ಹಳೆಯ ಯಂತ್ರಗಳ ಯಥಾರ್ಥ ಪ್ರತಿಕೃತಿಯೂ ಆಗಿಲ್ಲ. ಪಿಕೋ-8ರಲ್ಲಿ ಬರೆಯುವ ಭಾಷೆ ಲುವಾ. 1993ರಲ್ಲಿ ಬ್ರೆಜಿಲ್ ದೇಶದ ರಿಯೋ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ, ಪೋರ್ಚುಗೀಸಿನಲ್ಲಿ ಚಂದ್ರನೆಂಬ ಅರ್ಥವುಳ್ಳ ಹೆಸರಿನ, ಸರಳವೂ ಸುಸಂಸ್ಕೃತವೂ ಆದ ಭಾಷೆ ಅದು. ಎಂಬತ್ತರ ದಶಕದ ಆಟದ ಪೆಟ್ಟಿಗೆಯೊಂದು ಅಂಥ ಭಾಷೆಯನ್ನು ಈ ವೇಗದಲ್ಲಿ ನಡೆಸಬಲ್ಲುದಾಗಿರಲಿಲ್ಲ. ಅಂದಿನವರು ಪ್ರೊಸೆಸರಿನ ಒಂದೊಂದು ಆಜ್ಞೆಯನ್ನೂ ಅಸೆಂಬ್ಲಿಯಲ್ಲಿ ಪೋಣಿಸಿ ಬರೆಯುತ್ತಿದ್ದರು. ಹಳೆಯ ಯಂತ್ರಗಳ ಮಿತಿಯನ್ನು ಉಳಿಸಿಕೊಂಡು ಅವುಗಳ ಕ್ಲೇಶವನ್ನು ಬಿಟ್ಟುಕೊಟ್ಟಿರುವುದರಲ್ಲಿಯೇ ಈ ಕಲ್ಪನೆಯ ಜಾಣ್ಮೆಯಿದೆ.

ಮಿತಿ ಏನು ಮಾಡಬಲ್ಲುದೆಂಬುದಕ್ಕೆ 1978ರಲ್ಲಿ ಜಪಾನಿನ ಟೊಮೊಹಿರೊ ನಿಶಿಕಾಡೊ ರಚಿಸಿದ ಸ್ಪೇಸ್ ಇನ್ವೇಡರ್ಸ್ ಆಟಕ್ಕಿಂತ ಉತ್ತಮವಾದ ನಿದರ್ಶನ ನನಗೆ ತಿಳಿದಿಲ್ಲ. ಐದು ಸಾಲು, ಸಾಲಿಗೆ ಹನ್ನೊಂದರಂತೆ 55 ಅನ್ಯಗ್ರಹದ ಜೀವಿಗಳು ಅದರಲ್ಲಿ ಕೆಳಗಿಳಿದು ಬರುತ್ತವೆ. ಪರದೆ ಸೆಕೆಂಡಿಗೆ ಸುಮಾರು 60 ಬಾರಿ ಹೊಸದಾಗುತ್ತಿದ್ದಿತು. ಅಂದಿನ ಪ್ರೊಸೆಸರಿಗೆ ಪ್ರತಿಬಾರಿಯೂ 55ನ್ನೂ ಅಲುಗಿಸುವ ಶಕ್ತಿಯಿಲ್ಲದ ಕಾರಣ, ಒಂದು ಬಾರಿಗೆ ಒಂದೇ ಜೀವಿ ಹೆಜ್ಜೆಯಿಡುವಂತೆ ಏರ್ಪಡಿಸಲಾಗಿತ್ತು. ಹೀಗಾಗಿ ಇಡೀ ಸೈನ್ಯ ಒಂದು ಹೆಜ್ಜೆ ಸರಿಯಲು ಹೆಚ್ಚುಕಡಮೆ ಒಂದು ಸೆಕೆಂಡು ಹಿಡಿಯುವುದು. ಆಟಗಾರ ಒಂದೊಂದನ್ನೇ ಹೊಡೆದುರುಳಿಸುತ್ತ ಬಂದಂತೆಲ್ಲ ಸುತ್ತು ಚಿಕ್ಕದಾಗಿ, ಉಳಿದವುಗಳ ನಡೆ ತಾನಾಗಿ ಬಿರುಸಾಗುವುದು. ಕಡೆಯದಾಗಿ ಉಳಿದ ಒಂದೇ ಜೀವಿ ಪ್ರತಿಬಾರಿಯೂ ಹೆಜ್ಜೆಯಿಡುತ್ತ ಬಾಣದಂತೆ ಹಾಯುವುದು. ಗೆಲುವು ಹತ್ತಿರವಾದಂತೆ ಅಪಾಯವೂ ಹೆಚ್ಚುವ ಆ ಎದೆಬಡಿತ ಯಂತ್ರದ ಅಶಕ್ತಿಯಿಂದ ಬಂದ ವರ; ನಿಶಿಕಾಡೊ ಅದನ್ನು ದೋಷವೆಂದು ತಿದ್ದದೆ ಉಳಿಸಿಕೊಂಡರು.

ಇಲ್ಲದ ಯಂತ್ರವೊಂದನ್ನು ಕಲ್ಪಿಸಿಕೊಂಡು ಅದಕ್ಕಾಗಿ ಆಟ ಬರೆಯುವ ಉಪಾಯವೂ ಹೊಸದೇನಲ್ಲ. ಅಮೆರಿಕದ ಆರ್‌ಸಿಎ ಸಂಸ್ಥೆಯಲ್ಲಿ ಇಂಜಿನಿಯರಾಗಿದ್ದ ಜೋಸೆಫ್ ವೈಸ್‌ಬೆಕರ್, ಮನೆಯಲ್ಲಿ ಕುಳಿತು ಕಲಿಯುವವರಿಗಾಗಿ 1977ರಲ್ಲಿ ಕಾಸ್ಮ್ಯಾಕ್ ವಿಐಪಿ ಎಂಬ ಕಿಟ್ ಕಂಪ್ಯೂಟರನ್ನು ರೂಪಿಸಿದರು. ಅದರ ಸ್ಮೃತಿ 2048 ಬೈಟ್, ಕೀಲಿಗಳು ಹದಿನಾರೇ. ಅದರ ಪ್ರೊಸೆಸರಿನ ನಿಜಭಾಷೆಯಲ್ಲಿ ಆಟ ಬರೆಯುವುದು ಅನನುಭವಿಗೆ ದುಸ್ಸಾಧ್ಯವೆಂದು ಕಂಡ ಆತ, 64 ಚುಕ್ಕಿ ಅಗಲ 32 ಚುಕ್ಕಿ ಎತ್ತರದ ಪರದೆ, ಮೂವತ್ತೈದರಷ್ಟು ಆಜ್ಞೆಗಳು, ಇಷ್ಟನ್ನೇ ಬಲ್ಲ ಇನ್ನೊಂದು ಯಂತ್ರವನ್ನು ಮನಸ್ಸಿನಲ್ಲಿ ಕಲ್ಪಿಸಿ, ಅದರ ಭಾಷೆಯನ್ನು ನಿಜವಾದ ಯಂತ್ರಕ್ಕೆ ಅರ್ಥಮಾಡಿಸುವ ದ್ವಿಭಾಷಿಯನ್ನು 512 ಬೈಟುಗಳಲ್ಲಿ ಬರೆದು ಮುಗಿಸಿದರು. ಚಿಪ್-8 ಎಂಬುದು ಅದರ ಹೆಸರು. ಈ ಲೇಖನದ ಒಂದು ಪ್ಯಾರಾ ಕೂಡ ಆ 512 ಬೈಟುಗಳಲ್ಲಿ ಹಿಡಿಸಲಾರದೆಂಬುದನ್ನು ನೆನೆದರೆ ಅವರ ಕೌಶಲದ ಅರಿವಾದೀತು. ತಂದೆಯ ಯಂತ್ರಗಳೊಡನೆ ಬೆಳೆದ ಮಗಳು ಜಾಯ್ಸ್ ವೈಸ್‌ಬೆಕರ್ ಇನ್ನೂ ಎಳೆಯ ವಯಸ್ಸಿನಲ್ಲಿಯೇ, 1976-77ರಲ್ಲಿ, ಆರ್‌ಸಿಎ ಸ್ಟುಡಿಯೋ-2 ಎಂಬ ಕನ್ಸೋಲಿಗೆ ಆಟಗಳನ್ನು ಬರೆದುಕೊಟ್ಟು, ವಿಡಿಯೋ ಆಟಗಳ ರಚನೆಯನ್ನು ವೃತ್ತಿಯಾಗಿ ಕೈಗೊಂಡ ಮೊದಲ ಮಹಿಳೆಯರಲ್ಲಿ ಎಣಿಕೆಗೊಂಡರು. ಪಿಕೋ-8ರ ವಂಶವೃಕ್ಷದ ಬೇರನ್ನು ನಾನು ಈ ತಂದೆಮಗಳ ಮನೆಯಲ್ಲಿಯೇ ಕಾಣುತ್ತೇನೆ.

ಇನ್ನು ಆರಂಭದ ವಿಷಯ. ಪಿಕೋ-8ರ ಪೂರ್ಣ ಆವೃತ್ತಿಯನ್ನು ಹಣ ಕೊಟ್ಟು ಕೊಳ್ಳಬೇಕು. ಆದರೆ ಕಲಿಯುವವರಿಗಾಗಿ ಬ್ರೌಸರಿನಲ್ಲಿಯೇ ತೆರೆಯುವ ಉಚಿತ ಆವೃತ್ತಿಯೊಂದಿದೆ. ಅದೂ ಬೇಡವೆಂದರೆ ವಾದಿಮ್ ಗ್ರಿಗೊರುಕ್ ರೂಪಿಸಿದ ಟಿಕ್-80 ಇದೆ. ಅದರ ಮೂಲ ಕೋಡ್ ಎಲ್ಲರಿಗೂ ಮುಕ್ತ. ಪರದೆ ತುಸು ದೊಡ್ಡದು, 240ಕ್ಕೆ 136. ಲುವಾ ಅಲ್ಲದೆ ಜಾವಾಸ್ಕ್ರಿಪ್ಟ್ ಮೊದಲಾದ ಭಾಷೆಗಳಲ್ಲಿಯೂ ಬರೆಯಬಹುದು. ಹಳೆಯ ಲ್ಯಾಪ್‌ಟಾಪು ಎರಡನ್ನೂ ಅನಾಯಾಸವಾಗಿ ಹೊರಬಲ್ಲುದು. ಪಿಕೋ-8 ತೆರೆದು ಎಸ್ಕೇಪ್ ಕೀಲಿಯನ್ನು ಒತ್ತಿದರೆ ಕೋಡ್ ಬರೆಯುವ ಹಾಳೆ ಕಾಣಿಸುತ್ತದೆ. ಚಿತ್ರ, ಭೂಪಟ, ಸದ್ದು, ಸಂಗೀತಗಳನ್ನು ರಚಿಸುವ ಹಾಳೆಗಳೂ ಅದರ ಪಕ್ಕದಲ್ಲಿಯೇ ಇವೆ. ಬೇರೆ ಯಾವ ಸಲಕರಣೆಯನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಮೊದಲು ಬರೆಯತಕ್ಕದ್ದು ಮೂರೇ ಫಂಕ್ಷನ್‌ಗಳು. ಇನಿಟ್ ಎಂಬುದು ಆಟದ ಪ್ರಾರಂಭದಲ್ಲಿ ಒಮ್ಮೆ ನಡೆಯುತ್ತದೆ. ಅಪ್‌ಡೇಟ್ ಎಂಬುದೂ ಡ್ರಾ ಎಂಬುದೂ ಸೆಕೆಂಡಿಗೆ 30 ಬಾರಿ ನಡೆಯುತ್ತಲೇ ಇರುತ್ತವೆ. ಅಪ್‌ಡೇಟ್ ಲೆಕ್ಕ ನೋಡಿಕೊಳ್ಳುವ ಶಾನುಭೋಗ, ಡ್ರಾ ಆ ಲೆಕ್ಕದಂತೆ ಬರೆದು ತೋರಿಸುವ ಚಿತ್ರಕಾರ ಎಂದು ಭಾವಿಸಬಹುದು. ಹುಡುಗ ಮೊದಲ ದಿನ ಪರದೆಯ ನಡುವೆ ಒಂದು ಚಿಕ್ಕ ಚಿತ್ರವನ್ನು ನಿಲ್ಲಿಸಿ, ಬಲಗುಂಡಿ ಒತ್ತಿದಾಗ ಅದರ ಸ್ಥಾನಕ್ಕೆ ಒಂದನ್ನು ಕೂಡಿಸುವಂತೆ ಅಪ್‌ಡೇಟಿನಲ್ಲಿ ಬರೆಯಲಿ. ಹೊಸಬರಿಗೆಲ್ಲ ಆಗುವಂತೆ ಅವನು ಪರದೆಯನ್ನು ಒರಸುವ ಆಜ್ಞೆಯನ್ನು ಡ್ರಾನಲ್ಲಿ ಸೇರಿಸಲು ಮರೆಯುತ್ತಾನೆ. ಚಿತ್ರ ನಡೆದ ಕಡೆಯೆಲ್ಲ ತನ್ನ ಹಿಂದೆ ಉದ್ದನೆಯ ಬಣ್ಣದ ಪಟ್ಟಿಯನ್ನು ಬಿಟ್ಟುಹೋಗುತ್ತದೆ. ಆಗ ಯಾರೂ ಅವನನ್ನು ತಿದ್ದಕೂಡದು. ಚಲನೆಯೆಂಬುದು ಒಂದೇ ಚಿತ್ರದ ಸರಿದಾಟವಾಗಿರದೆ, ಅಳಿಸಿ ಬರೆದು ಅಳಿಸಿ ಬರೆದು ಕಣ್ಣಿಗೆ ಉಂಟುಮಾಡಿದ ಭ್ರಾಂತಿಯೆಂಬ ಸತ್ಯ, ಸಿನಿಮಾದ ಮೂಲದಲ್ಲಿಯೂ ಇರುವ ಸತ್ಯ, ಆ ಬಣ್ಣದ ಪಟ್ಟಿಯನ್ನು ಕಂಡ ಕ್ಷಣದಲ್ಲಿ ಅವನಿಗೆ ತಾನಾಗಿಯೇ ಹೊಳೆಯುತ್ತದೆ.

ಎರಡನೆಯ ದಿನ ನೆಗೆತ. ಪರದೆಯ ಮೇಲ್ತುದಿಯೇ ಸೊನ್ನೆಯಾಗಿ ಕೆಳಕ್ಕಿಳಿದಂತೆ ಸಂಖ್ಯೆ ಹೆಚ್ಚುವುದರಿಂದ, ಮೇಲಕ್ಕೆ ಹಾರುವ ವೇಗ ಋಣಸಂಖ್ಯೆ. ಗುಂಡಿ ಒತ್ತಿದಾಗ ವೇಗವನ್ನು ಋಣ 3 ಮಾಡಿ, ಪ್ರತಿ ಸಲವೂ ಮೊದಲು ಅದರಂತೆ ಚಿತ್ರವನ್ನು ಸರಿಸಿ, ಬಳಿಕ ವೇಗಕ್ಕೆ 0.2ನ್ನು ಕೂಡಿಸಬೇಕು. ಮೊದಲ ಸಲ ಅದು 3 ಚುಕ್ಕಿ ಏರುತ್ತದೆ, ಎರಡನೆಯ ಸಲ 2.8, ಮೂರನೆಯ ಸಲ 2.6, ಹೀಗೆ ಕುಗ್ಗುತ್ತ 15 ಸಲ ಏರಿದ ಮೇಲೆ, ಎಂದರೆ ಸರಿಯಾಗಿ ಅರ್ಧ ಸೆಕೆಂಡಿಗೆ, 24 ಚುಕ್ಕಿಗಳ ಎತ್ತರದಲ್ಲಿ ವೇಗ ಸೊನ್ನೆಯಾಗಿ, ಆಮೇಲೆ ಅದೇ ಕ್ರಮದಲ್ಲಿ ಇಳಿಯತೊಡಗುತ್ತದೆ. ಸಮನಾದ ಕಾಲಾಂಶಗಳಲ್ಲಿ ವೇಗ ಸಮನಾಗಿ ಬದಲಾಗುವುದೆಂದು ಗೆಲಿಲಿಯೊ ಇಳಿಜಾರಿನಲ್ಲಿ ಗುಂಡುಗಳನ್ನು ಉರುಳಿಸಿ ಕಂಡುಕೊಂಡ ನಿಯಮ ಇದೇ. ಭೌತಶಾಸ್ತ್ರದ ಪಠ್ಯದಲ್ಲಿ ಸೂತ್ರವಾಗಿ ಉರುಹೊಡೆದದ್ದನ್ನು ಹುಡುಗ ಇಲ್ಲಿ ಬೆರಳಿನಿಂದ ಮುಟ್ಟುತ್ತಾನೆ, 0.2ನ್ನು 0.05ಕ್ಕೆ ಇಳಿಸಿ ತನ್ನ ನಾಯಕನನ್ನು ಚಂದ್ರಲೋಕದಲ್ಲಿ ತೇಲಿಸಿ ನೋಡುತ್ತಾನೆ.

ಚಿತ್ರಗಳ ವಿಷಯಕ್ಕೆ ಬಂದಾಗ ನನಗೆ ಧಾರವಾಡದ ಕಡೆಯ ಕಸೂತಿ ನೆನಪಾಗದೆ ಇರದು. ಪಿಕೋ-8ರಲ್ಲಿ ಚಿತ್ರದ ಏಕಮಾನ ಎಂಟಕ್ಕೆ ಎಂಟು ಚುಕ್ಕಿಗಳ ಚೌಕ. ಸ್ಪ್ರೈಟ್ ಎಂದು ಅದರ ಹೆಸರು. 64 ಮನೆಗಳಲ್ಲಿ ಒಂದು ಬೆಕ್ಕನ್ನೋ ಬೀಗದ ಕೈಯನ್ನೋ ಗುರುತು ಸಿಕ್ಕುವಂತೆ ಮೂಡಿಸಬೇಕು. ಇಳಕಲ್ ಸೀರೆಯ ಸೆರಗನ್ನು ಮಡಿಲಲ್ಲಿ ಹರಡಿಕೊಂಡು ಕುಳಿತ ಕಸೂತಿಗಾರ್ತಿ ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವುದಿಲ್ಲ; ನೇಯ್ಗೆಯ ಎಳೆಗಳನ್ನು ಎಣಿಸಿಕೊಂಡೇ, ಅಡ್ಡ, ಉದ್ದ, ಓರೆ ಎಂಬ ಹೊಲಿಗೆಗಳಲ್ಲಿಯೇ, ಗೋಪುರವನ್ನೂ ತೇರನ್ನೂ ತುಳಸಿಕಟ್ಟೆಯನ್ನೂ ಅಂಬಾರಿ ಹೊತ್ತ ಆನೆಯನ್ನೂ ಮೂಡಿಸುತ್ತಾಳೆ. ಎಳೆಗಳ ಜಾಲದಲ್ಲಿ ನಿಜವಾದ ವಕ್ರರೇಖೆಗೆ ಎಡೆಯಿಲ್ಲ. ಆನೆಯ ಬೆನ್ನು ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು, ಸೊಂಡಿಲು ಮೆಟ್ಟಿಲಾಗಿಯೇ ಇಳಿಯಬೇಕು. ಆದರೂ ಮಾರುದೂರದಿಂದ ನೋಡಿದ ಕೂಸು ಅದನ್ನು ಆನೆಯೆಂದೇ ಕೂಗುತ್ತದೆ. ಯಾವುದನ್ನು ಬಿಟ್ಟರೂ ಆನೆ ಆನೆಯಾಗಿ ಉಳಿಯುತ್ತದೆ, ಯಾವುದನ್ನು ಬಿಟ್ಟರೆ ಉಳಿಯುವುದಿಲ್ಲ ಎಂಬ ವಿವೇಕ ಆ ಸೂಜಿಗೆ ತಲೆಮಾರುಗಳಿಂದ ಬಂದದ್ದು. ಜಪಾನಿನ ಶಿಗೆರು ಮಿಯಾಮೊಟೊ 1981ರ ಡಾಂಕಿ ಕಾಂಗ್ ಆಟಕ್ಕಾಗಿ ಪುಟ್ಟ ನಾಯಕನೊಬ್ಬನನ್ನು ಬರೆಯುವಾಗ, ಬಾಯಿಯನ್ನು ತೋರಿಸಲು ಚುಕ್ಕಿಗಳು ಸಾಲದೆ ದಪ್ಪ ಮೀಸೆಯನ್ನೂ, ಕೂದಲನ್ನು ತೋರಿಸಲಾಗದೆ ಟೊಪ್ಪಿಗೆಯನ್ನೂ ಇಟ್ಟರು. ಮುಂದೆ ಮಾರಿಯೊ ಎಂದು ಲೋಕವೆಲ್ಲ ಗುರುತಿಸಿದ ಮುಖ ಹುಟ್ಟಿದ್ದು ಹೀಗೆ. ಆದ್ದರಿಂದ ಹುಡುಗನ ಮನೆಯಲ್ಲಿ ಕಸೂತಿಯ ಹಳೆಯ ಸೀರೆಯೇನಾದರೂ ಇದ್ದರೆ, ಚಿತ್ರ ಬರೆಯುವ ಮುನ್ನ ಅವನು ಅದನ್ನು ಬೆಳಕಿಗೆ ಹಿಡಿದು ಅರ್ಧ ಗಂಟೆ ನೋಡಲಿ.

ಆಟ ಪೂರ್ಣವಾದ ಮೇಲೆ ಅದನ್ನು ಉಳಿಸುವ ಬಗೆಯಲ್ಲಿಯೂ ಒಂದು ಚಮತ್ಕಾರವಿದೆ. ಪಿಕೋ-8ರ ಕಾರ್ಟ್ರಿಜ್ ನೋಡುವವರಿಗೆ 160 ಚುಕ್ಕಿ ಅಗಲ 205 ಚುಕ್ಕಿ ಎತ್ತರದ ಒಂದು ಪಿಎನ್‌ಜಿ ಚಿತ್ರ. ಇಡೀ ಆಟ ಆ ಚಿತ್ರದೊಳಗೇ ಅಡಗಿರುತ್ತದೆ. ಚಿತ್ರದ ಪ್ರತಿಯೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂಬ ನಾಲ್ಕು ಅಂಶಗಳಿದ್ದು, ಒಂದೊಂದನ್ನೂ ಎಂಟೆಂಟು ಬಿಟ್‌ಗಳಲ್ಲಿ ಬರೆದಿರುತ್ತದೆ. ಅವುಗಳಲ್ಲಿ ಕೊನೆಯ ಎರಡು ಬಿಟ್‌ಗಳನ್ನು ಬದಲಿಸಿದರೂ ಬಣ್ಣದ ವ್ಯತ್ಯಾಸ ಕಣ್ಣಿಗೆ ತಿಳಿಯದು. ನಾಲ್ಕು ಅಂಶಗಳಿಂದ ಎರಡೆರಡು ಬಿಟ್ ತೆಗೆದುಕೊಂಡರೆ ಚುಕ್ಕಿಗೊಂದು ಬೈಟ್ ಆಯಿತು. 160ನ್ನು 205ರಿಂದ ಗುಣಿಸಿದರೆ 32,800. ಕಾರ್ಟ್ರಿಜ್‌ಗೆ ಬೇಕಾದದ್ದು 32,768. ಉಳಿದದ್ದು 32 ಬೈಟ್ ಮಾತ್ರ! ಈ ಲೆಕ್ಕವನ್ನು ಮೊದಲ ಬಾರಿ ಹಾಕಿ ನೋಡಿದ ದಿನ ನನಗಾದ ಸಂತೋಷವನ್ನು ನಾನು ಮರೆತಿಲ್ಲ. ಒಂದು ಎಚ್ಚರಿಕೆಯಷ್ಟೆ: ಸಂದೇಶ ಕಳುಹಿಸುವ ಆ್ಯಪ್‌ಗಳು ಚಿತ್ರವನ್ನು ಕುಗ್ಗಿಸಿ ರವಾನಿಸುವುದುಂಟು. ಹಾಗೆ ಕುಗ್ಗಿದರೆ ಚಿತ್ರ ಮೊದಲಿನಂತೆಯೇ ಕಾಣುತ್ತದೆ, ಒಳಗಿನ ಆಟ ಮಾತ್ರ ನಾಶವಾಗಿರುತ್ತದೆ. ಗೆಳೆಯರಿಗೆ ಕಳುಹಿಸುವಾಗ ಡಾಕ್ಯುಮೆಂಟ್ ಆಗಿ ಕಳುಹಿಸಬೇಕು.

ಇಷ್ಟು ಚಿಕ್ಕ ಯಂತ್ರದಲ್ಲಿ ದೊಡ್ಡದೇನಾದೀತೆಂದು ತಾಯಿ ಕೇಳಬಹುದು. 2015ರಲ್ಲಿ ಮ್ಯಾಡಿ ಥಾರ್ಸನ್, ನೋಯೆಲ್ ಬೆರಿ ಎಂಬಿಬ್ಬರು ನಾಲ್ಕು ದಿನಗಳಲ್ಲಿ ಪಿಕೋ-8ರಲ್ಲಿ ಬೆಟ್ಟವೇರುವ ಆಟವೊಂದನ್ನು ಕಟ್ಟಿದರು. ಮಜಲುಗಳು 30, ಸೆಲೆಸ್ಟ್ ಎಂದು ಹೆಸರು. ಅದೇ ಬೀಜದಿಂದ ಬೆಳೆದ ದೊಡ್ಡ ಸೆಲೆಸ್ಟ್ 2018ರಲ್ಲಿ ಹೊರಬಂದು ಲೋಕಪ್ರಸಿದ್ಧವಾಯಿತು. ಅದರೊಳಗೆ ಒಂದೆಡೆ ಮೊದಲಿನ ಪುಟ್ಟ ಆಟವನ್ನೂ ಗುಪ್ತವಾಗಿ ಇರಿಸಿದ್ದಾರೆ. ಆ ಪುಟ್ಟ ಆಟದ ಕೋಡ್ ಇಂದಿಗೂ ಯಾರು ಬೇಕಾದರೂ ತೆರೆದು ಓದುವಂತಿದೆ. ನೆಗೆತದ ಪಾಠವನ್ನು ಮುಗಿಸಿದ ಹುಡುಗ ಅದರಲ್ಲಿ ಗುರುತ್ವದ ಸಂಖ್ಯೆಯನ್ನು ತಾನೇ ಹುಡುಕಿ ತೆಗೆಯಬಲ್ಲ.

ಕೊನೆಗೊಂದು ಕೊರತೆಯನ್ನು ಹೇಳಬೇಕು. ಪಿಕೋ-8ರ ಒಳಗೆ ಇಂಗ್ಲಿಷ್ ಅಕ್ಷರಗಳಿವೆ, ಜಪಾನೀ ಕಾನಾ ಅಕ್ಷರಗಳೂ ಇವೆ; ಕನ್ನಡವಿಲ್ಲ. ಕನ್ನಡದಲ್ಲಿ ಆಟ ಮಾತನಾಡಬೇಕಾದರೆ ಅಕ್ಷರಗಳನ್ನು ಸ್ಪ್ರೈಟುಗಳಂತೆ ನಾವೇ ಬರೆದುಕೊಳ್ಳಬೇಕು. ನಾನು ಪ್ರಯತ್ನಿಸಿ ನೋಡಿದ್ದೇನೆ. ರ, ಗ, ದ ಎಂಟರ ಚೌಕದಲ್ಲಿ ಸೊಗಸಾಗಿ ಕೂರುತ್ತವೆ. ತಲೆಕಟ್ಟಿಗೆ ಒಂದು ಸಾಲನ್ನು ಮೀಸಲಿಟ್ಟರೆ ಸಾಕು. ಣ, ಝಗಳು ಇಕ್ಕಟ್ಟಿಗೆ ಸಿಲುಕಿ ಮುದ್ದೆಯಾಗುತ್ತವೆ. ಒತ್ತಕ್ಷರ ಬಂದರೆ ಕೆಳಗಿನ ಚೌಕವನ್ನೂ, ದೀರ್ಘ ಬಂದರೆ ಬಲಗಡೆಯ ಚೌಕವನ್ನೂ ಬಿಟ್ಟುಕೊಡಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರ ನಾಲ್ಕು ಚೌಕಗಳನ್ನು ಆಕ್ರಮಿಸಿತು. ಮೂರನೆಯ ದಿನ ಹುಡುಗ ತನ್ನ ಹೆಸರನ್ನು ಹೀಗೆ ಬರೆದು, ಆಟದ ಮೊದಲ ಪರದೆಯಲ್ಲಿ ನಿಲ್ಲಿಸಲಿ.